ಬೀಗ ಬಿದ್ದ ಮನೆ ತೆರೆಸಲು ಪಂಚಾಯತು ಏನು ಮಾಡಬಹುದು?

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಬದಿಯಡ್ಕದವರೆಗೆ ಯಾವ ದಾರಿ ಹಿಡಿದರೂ ಬೀಗ ಹಾಕಿದ ಮನೆ ಕಣ್ಣಿಗೆ ಬೀಳದೆ ಇರುವುದಿಲ್ಲ. ಉಪ್ಪಳ, ಕುಂಬಳೆ, ಮೊಗ್ರಾಲ್ ಕಡೆ ದೊಡ್ಡ ಗೇಟು, ಇಂಟರ್‌ಲಾಕ್ ಹಾಕಿದ ಅಂಗಳ, ಎರಡು ಮಾಳಿಗೆ. ಮನೆಯವರು ಗಲ್ಫಿನಲ್ಲಿ. ಪೆರ್ಲ, ಬೆಳ್ಳೂರು, ಕುಂಬ್ಡಾಜೆ ಕಡೆ ತೋಟದ ನಡುವೆ ಹಂಚಿನ ಮನೆ. ಹಿರಿಯರು ತೀರಿಕೊಂಡಿದ್ದಾರೆ, ಮಕ್ಕಳು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇದ್ದಾರೆ, ಅಡಿಕೆ ಕೊಯ್ಲಿಗೆ ಮಾತ್ರ ಯಾರಾದರೂ ಬರುತ್ತಾರೆ.

ಅದೇ ಊರುಗಳಲ್ಲಿ ಬಾಡಿಗೆ ಮನೆ ಹುಡುಕಿ ಸುಸ್ತಾದವರೂ ಇದ್ದಾರೆ. ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ 2025ರಲ್ಲಿ 50 ಎಂಬಿಬಿಎಸ್ ಸೀಟುಗಳಿಗೆ ಒಪ್ಪಿಗೆ ಸಿಕ್ಕಿತು. ವಿದ್ಯಾರ್ಥಿಗಳು, ನರ್ಸುಗಳು, ನೌಕರರು ಎಲ್ಲರಿಗೂ ಹತ್ತಿರದಲ್ಲೇ ಮನೆ ಬೇಕು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಸುತ್ತಲೂ ಅದೇ ಕತೆ. ರಾಷ್ಟ್ರೀಯ ಹೆದ್ದಾರಿ 66 ಅಗಲವಾದಾಗ ಮನೆ ಬಿಟ್ಟುಕೊಟ್ಟವರೂ ಇದ್ದಾರೆ.

ಈ ವಿಷಯ ಈಗ ಮಾತಿಗೆ ಬರಲು ಎರಡು ಕಾರಣ. ಕೇರಳದಲ್ಲಿ 2025ರ ಡಿಸೆಂಬರ್‌ನಲ್ಲಿ ಪಂಚಾಯತು, ನಗರಸಭೆಗಳಿಗೆ ಚುನಾವಣೆ ನಡೆದು ಹೊಸ ಮೆಂಬರುಗಳು ಬಂದಿದ್ದಾರೆ. ಜೊತೆಗೆ 2027ರ ಜನಗಣತಿಯ ಮೊದಲ ಹಂತವಾದ ಮನೆ ಪಟ್ಟಿ ಕೆಲಸಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ವರೆಗಿನ ಕಾಲ ಗೊತ್ತುಮಾಡಲಾಗಿದೆ. ಆ ಪಟ್ಟಿಯಲ್ಲಿ ಖಾಲಿ ಮನೆಗಳಿಗೂ ಬೇರೆಯೇ ಒಂದು ಲೆಕ್ಕ ಇರುತ್ತದೆ. ಹಾಗಾದರೆ ಈ ಮನೆಗಳನ್ನು ಮತ್ತೆ ಬಳಕೆಗೆ ತರಲು ಪಂಚಾಯತಿಗೆ ಅಧಿಕಾರ ಇದೆಯೇ? ಇದ್ದರೆ ಎಷ್ಟು? ನಾವು ಹೋಗಿ ಏನು ಕೇಳಬಹುದು?

ಖಾಲಿ ಮನೆ ಎಂದರೆ ಯಾವುದು?

ಇಲ್ಲಿಂದಲೇ ಗೊಂದಲ ಶುರು. ಜನಗಣತಿಯವರ ಲೆಕ್ಕದಲ್ಲಿ ‘ಖಾಲಿ’ ಬೇರೆ, ‘ಬೀಗ ಹಾಕಿದ್ದು’ ಬೇರೆ. ಯಾರೂ ವಾಸ ಇಲ್ಲದ, ಬೇರೆ ಯಾವ ಕೆಲಸಕ್ಕೂ ಬಳಸದ ಕಟ್ಟಡ ಖಾಲಿ. ಮನೆಯವರು ಇದ್ದಾರೆ, ಆದರೆ ಎಣಿಸುವ ಹೊತ್ತಿಗೆ ಬಾಗಿಲು ಹಾಕಿತ್ತು ಅಂದರೆ ಅದು ವಾಸ ಇರುವ ಮನೆಗಳ ಲೆಕ್ಕಕ್ಕೆ ಹೋಗುತ್ತದೆ.

2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಸುಮಾರು 2.46 ಕೋಟಿ ಕಟ್ಟಡಗಳು ಖಾಲಿ ಎಂದು ದಾಖಲಾದವು. ಕೇರಳದಲ್ಲಿ ಮಾತ್ರ 11 ಲಕ್ಷಕ್ಕೂ ಹೆಚ್ಚು, ಅಂದರೆ ಹತ್ತಕ್ಕೆ ಒಂದಕ್ಕಿಂತ ತುಸು ಜಾಸ್ತಿ. ಆದರೆ ಈ ಲೆಕ್ಕದಲ್ಲಿ ಖಾಲಿ ಅಂಗಡಿ ಕೋಣೆಗಳೂ ಸೇರಿವೆ. ಹಾಗಾಗಿ ಅಷ್ಟೂ ವಾಸದ ಮನೆಗಳೇ ಅಂತ ತಿಳಿದುಕೊಳ್ಳಬಾರದು.

ನಮ್ಮ ಊರಿನ ಮಟ್ಟಿಗೆ ಬಂದರೆ ಮುಚ್ಚಿದ ಮನೆಗಳೆಲ್ಲ ಒಂದೇ ತರಹ ಅಲ್ಲ. ವರ್ಷಕ್ಕೆ ಒಂದೆರಡು ತಿಂಗಳು ರಜೆಗೆ ಬಂದು ಇರುವವರ ಮನೆ ಒಂದು ಬಗೆ. ಯಾವತ್ತೂ ಯಾರೂ ಬಾರದ, ಆದರೆ ಗಟ್ಟಿಮುಟ್ಟಾಗಿರುವ ಮನೆ ಇನ್ನೊಂದು. ಪಾಲಿನ ತಕರಾರಿನಲ್ಲಿ ಸಿಕ್ಕಿಬಿದ್ದದ್ದು ಮತ್ತೊಂದು. ಮಾಡು ಕುಸಿದು ಪಾಳುಬಿದ್ದದ್ದು ಕೊನೆಯದು. ಗುತ್ತಿನ ಮನೆ, ತರವಾಡು ಮನೆಗಳದ್ದು, ಅಂದರೆ ಕುಟುಂಬದ ಮೂಲ ಮನೆಗಳದ್ದು ಬೇರೆಯೇ ವಿಷಯ. ಅಲ್ಲಿ ಯಾರೂ ಮಲಗದೆ ಇರಬಹುದು. ಆದರೆ ವರ್ಷಕ್ಕೊಮ್ಮೆ ತಂಬಿಲ, ನೇಮದಂಥ ದೈವದ ಸೇವೆಗೆ ಬಾಗಿಲು ತೆರೆದು, ಚಾವಡಿ ಸಾರಿಸಿ, ದೀಪ ಇಡುತ್ತಾರೆ. ಕುಟುಂಬದವರ ಮಟ್ಟಿಗೆ ಆ ಮನೆ ಖಾಲಿ ಅಲ್ಲವೇ ಅಲ್ಲ. ಪಟ್ಟಿ ಮಾಡುವವರು ಇದನ್ನು ತಿಳಿದು ಮಾಡದಿದ್ದರೆ ಮೊದಲ ದಿನವೇ ಜಗಳ ಆಗುತ್ತದೆ.

ಬಾಡಿಗೆ ಬರುತ್ತದೆ ಅಂದರೂ ಯಾಕೆ ಕೊಡುವುದಿಲ್ಲ?

ಹೊರಗಿನಿಂದ ನೋಡಿದವರಿಗೆ ಇದು ಸೋಜಿಗ. ಸುಮ್ನೆ ಬಿದ್ದಿರುವ ಮನೆಯಿಂದ ತಿಂಗಳಿಗೆ ನಾಲ್ಕು ಕಾಸು ಬಂದರೆ ಬೇಡವೇ? ಮಾಲಿಕರನ್ನು ಕೇಳಿದರೆ ಉತ್ತರ ಒಂದೇ ಧಾಟಿಯಲ್ಲಿ ಬರುತ್ತದೆ: ‘ಕೊಟ್ಟರೆ ಬಿಡಿಸಿಕೊಳ್ಳುವುದು ಯಾರು?’

ಈ ಹೆದರಿಕೆಗೆ ಒಂದು ಇತಿಹಾಸ ಇದೆ. ಕೇರಳದ ಭೂಸುಧಾರಣಾ ಕಾನೂನು 1963ರದ್ದು. 1969ರ ತಿದ್ದುಪಡಿಯ ನಂತರ 1970ರ ಜನವರಿ 1ರಿಂದ ಗೇಣಿ ಪದ್ಧತಿಯೇ ಇಲ್ಲವಾಯಿತು. ಗೇಣಿಗೆ ಮಾಡುತ್ತಿದ್ದವರು ಭೂಮಿಯ ಒಡೆಯರಾದರು. ‘ಕುಡಿಕಿಡಪ್ಪು’ ಎಂಬ ಹಕ್ಕೂ ಅದರಲ್ಲೇ ಇತ್ತು. ಬೇರೆಯವರ ಜಾಗದಲ್ಲಿ ಗುಡಿಸಲು ಹಾಕಿಕೊಂಡು ಇದ್ದ ಬಡವರಿಗೆ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್, ನಗರಸಭೆಯಲ್ಲಿ 5 ಸೆಂಟ್ಸ್ ವರೆಗೆ ಜಾಗ ಕೊಂಡುಕೊಳ್ಳುವ ಹಕ್ಕು. ಲಕ್ಷಾಂತರ ಕುಟುಂಬಗಳಿಗೆ ನೆಲೆ ಕೊಟ್ಟ ಕಾನೂನು ಇದು. ಆದರೆ ಜಾಗ ಇದ್ದವರ ಮನೆಗಳಲ್ಲಿ ‘ಒಳಗೆ ಬಿಟ್ಟರೆ ಹೋಯಿತು’ ಎಂಬ ಮಾತು ಅಂದಿನಿಂದ ಇಂದಿನವರೆಗೂ ಉಳಿದುಕೊಂಡಿದೆ.

ಇಂದಿನ ಬಾಡಿಗೆ ಮನೆಗೆ ಆ ಹೆದರಿಕೆ ಎಷ್ಟು ಸರಿ? ಬಿಡಿಸಿ ನೋಡೋಣ. ಕುಡಿಕಿಡಪ್ಪಿನ ಮಾತು ಬರುವುದು ಕಟ್ಟುವಾಗ 750 ರೂಪಾಯಿ ಮೀರದ ಖರ್ಚಾದ, ಇಲ್ಲವೇ ತಿಂಗಳಿಗೆ 5 ರೂಪಾಯಿ ಮೀರದ ಬಾಡಿಗೆ ಬರುವ ಗುಡಿಸಲಿಗೆ. ಇಂದಿನ ಯಾವ ಟೆರೇಸು ಮನೆಯೂ ಆ ಅಳತೆಗೆ ಬರುವುದಿಲ್ಲ. ಮನೆ, ಅಂಗಡಿ, ಗೋದಾಮು ಮುಂತಾದ ಕಟ್ಟಡ ಮತ್ತು ಅದಕ್ಕೆ ಸೇರಿದ ಅಂಗಳವನ್ನು ಮಾತ್ರ ಬಾಡಿಗೆಗೆ ಕೊಟ್ಟರೆ ಅದು ಭೂಸುಧಾರಣಾ ಕಾನೂನಿನ ಗೇಣಿ ಎನಿಸಿಕೊಳ್ಳುವುದಿಲ್ಲ ಎಂದು ಆ ಕಾನೂನಿನ 3ನೇ ಸೆಕ್ಷನ್ನೇ ಹೇಳುತ್ತದೆ. ತೋಟವನ್ನೂ ಸೇರಿಸಿ ಬರೆದುಕೊಟ್ಟರೆ ಮಾತ್ರ ವಿಷಯ ಬೇರೆ. ಜಮೀನನ್ನು ಹೊಸದಾಗಿ ಗೇಣಿಗೆ ಕೊಡುವುದಕ್ಕೆ ಕೇರಳದಲ್ಲಿ ನಿಷೇಧ ಇದೆ. ಹಾಗಾಗಿ ಕರಾರಿನಲ್ಲಿ ಮನೆ ಎಷ್ಟು, ಅಂಗಳ ಎಲ್ಲಿಯವರೆಗೆ, ತೋಟ ಇದರಲ್ಲಿ ಸೇರಿಲ್ಲ ಎಂದು ಬಿಡಿಸಿ ಬರೆಸುವುದು ಬಹಳ ಮುಖ್ಯ.

‘ಹನ್ನೆರಡು ವರ್ಷ ಇದ್ದರೆ ಅವರದ್ದೇ ಆಗುತ್ತದೆ’ ಎಂಬ ಇನ್ನೊಂದು ಮಾತು ಇದೆ. 1963ರ ಕಾಲಮಿತಿ ಕಾನೂನಿನಲ್ಲಿ 12 ವರ್ಷದ ಲೆಕ್ಕ ಇರುವುದು ನಿಜ. ಅದು ಮಾಲಿಕನ ಒಪ್ಪಿಗೆ ಇಲ್ಲದೆ, ತನ್ನದೇ ಎಂದು ಸಾರಿಕೊಂಡು ಕೂತವರಿಗೆ. ಬಾಡಿಗೆದಾರ ಬಂದದ್ದೇ ಒಪ್ಪಿಗೆಯಿಂದ. ಬಾಡಿಗೆದಾರನಾಗಿ ಇರುವವರೆಗೆ ಎಷ್ಟು ವರ್ಷ ಕಳೆದರೂ ಅವನು ಬಾಡಿಗೆದಾರನೇ. ಅಷ್ಟಕ್ಕೂ 11 ತಿಂಗಳಿಗೇ ಯಾಕೆ ಕರಾರು ಮಾಡುತ್ತಾರೆ ಎಂದು ಕೇಳುವವರಿದ್ದಾರೆ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು ಎಂದು 1908ರ ನೋಂದಣಿ ಕಾನೂನು ಹೇಳುತ್ತದೆ, ಅಷ್ಟೇ.

ಹಾಗಂತ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಹೇಳಿದ ದಿನಕ್ಕೆ ಬಿಡದೆ ಕೂತರೆ ಏಳಿಸುವ ದಾರಿ ಉದ್ದ ಇದೆ. 1965ರ ಕೇರಳ ಬಾಡಿಗೆ ನಿಯಂತ್ರಣ ಕಾನೂನು ಅನ್ವಯಿಸುವ ಕಡೆ ಮಾಲಿಕ ಬಾಡಿಗೆ ಬಾಕಿ, ಸ್ವಂತಕ್ಕೆ ಬೇಕು ಎಂಬಂತಹ ನಿರ್ದಿಷ್ಟ ಕಾರಣ ತೋರಿಸಿ ನ್ಯಾಯಾಲಯಕ್ಕೆ ಹೋಗಬೇಕು. ಅಬುಧಾಬಿಯಲ್ಲಿ ಕೆಲಸ ಮಾಡುವವರು ಕಾಸರಗೋಡಿನ ಕೋರ್ಟಿಗೆ ಎಷ್ಟು ಸಲ ಬಂದಾರು? ಮಾಲಿಕ ಬೀಗವನ್ನೇ ನಂಬುವುದು ಇದಕ್ಕೇ.

ಪಾಲಾಗದ ಮನೆ

ಎರಡನೆಯ ದೊಡ್ಡ ಕಾರಣ ಪಾಲು. ಕಾಸರಗೋಡಿನ ಅನೇಕ ಕುಟುಂಬಗಳಲ್ಲಿ ಅಳಿಯಸಂತಾನ, ಮರುಮಕ್ಕತ್ತಾಯ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿ ನಡೆದುಬಂದಿತ್ತು. 1976ರ ಡಿಸೆಂಬರ್ 1ರಿಂದ ಕೇರಳದಲ್ಲಿ ಹಿಂದೂ ಕೂಡು ಕುಟುಂಬ ಪದ್ಧತಿಯೇ ಕಾನೂನಿನ ಮಟ್ಟಿಗೆ ರದ್ದಾಯಿತು. ಕುಟುಂಬದ ಒಬ್ಬೊಬ್ಬರಿಗೂ ಇಂತಿಷ್ಟು ಪಾಲು ಎಂದಾಯಿತು. ಕಾಗದದಲ್ಲಿ ಪಾಲು ಬಂತು, ಆದರೆ ಎಷ್ಟೋ ಮನೆಗಳಲ್ಲಿ ಭಾಗಪತ್ರ ಆಗಲೇ ಇಲ್ಲ. ಒಂದು ತಲೆಮಾರು ಕಳೆದು ಇನ್ನೊಂದು ಬಂದಾಗ ಪಾಲುದಾರರ ಸಂಖ್ಯೆ ಹೆಚ್ಚುತ್ತಲೇ ಹೋಗುತ್ತದೆ. ಮುಸ್ಲಿಂ ಕುಟುಂಬಗಳಲ್ಲೂ ಹಿರಿಯರು ತೀರಿಕೊಂಡ ಕೂಡಲೇ ವಾರಸುದಾರರಿಗೆ ಹಕ್ಕು ಬರುತ್ತದೆ. ಅವರಲ್ಲಿ ಒಬ್ಬರು ಮಸ್ಕತಿನಲ್ಲಿ, ಇನ್ನೊಬ್ಬರು ಮುಂಬಯಿಯಲ್ಲಿ.

ಒಬ್ಬರು ಒಪ್ಪದಿದ್ದರೂ ಮನೆ ಬಾಡಿಗೆಗೆ ಕೊಡುವುದು ತಕರಾರಿಗೆ ದಾರಿ. ಮಾರುವುದಂತೂ ದೂರ ಉಳಿಯಿತು. ರಿಪೇರಿಗೆ ಹಣ ಹಾಕುವವರು ಯಾರು, ನಾಳೆ ಅದು ಯಾರ ಪಾಲಿಗೋ ಎಂಬ ಲೆಕ್ಕಾಚಾರ ಬೇರೆ. ಇಂಥ ಮನೆಗೆ ತೆರಿಗೆ ಹೆಚ್ಚು ಮಾಡಿದರೂ ಬಾಗಿಲು ತೆರೆಯುವುದಿಲ್ಲ. ಅಲ್ಲಿ ಬೇಕಾಗುವುದು ಕೂತು ಮಾತಾಡಿಸುವ ಒಬ್ಬ ಮಧ್ಯಸ್ಥ.

ಮುಚ್ಚಿದ ಮನೆ ನೆರೆಮನೆಗೂ ಕಷ್ಟ

ಮನೆ ಅವರದ್ದು, ಬೀಗ ಅವರದ್ದು, ಪಂಚಾಯತಿಗೇನು ಎಂದು ಕೇಳಬಹುದು. ಓಡಿಸದೆ ನಿಲ್ಲಿಸಿದ ಜೀಪಿನ ಹಾಗೆ ಮನೆಯೂ ಬಳಸದಿದ್ದರೇ ಬೇಗ ಹಾಳಾಗುವುದು. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಹಂಚಿನ ಮನೆಯಲ್ಲಿ ಮಂಗ ಓಡಾಡಿ ಒಂದು ಹಂಚು ಜಾರಿತು ಅಂದುಕೊಳ್ಳಿ. ಮನೆಯಲ್ಲಿ ಜನ ಇದ್ದರೆ ಮೊದಲ ಹನಿಗೇ ಗೊತ್ತಾಗಿ ಸರಿ ಮಾಡುತ್ತಾರೆ. ಇಲ್ಲದಿದ್ದರೆ ಜೂನಿನಿಂದ ಸೆಪ್ಟೆಂಬರ್ ತನಕ ನೀರು ಹಂಚು ಹೊರುವ ಒಂದೇ ಪಕ್ಕಾಸಿನ ಮೇಲೆ ಬೀಳುತ್ತದೆ. ಮರ ಮೆತ್ತಗಾಗುತ್ತದೆ, ಒರಲೆ ಹಿಡಿಯುತ್ತದೆ. ಮುಂದಿನ ಮಳೆಗೆ ಆ ಪಕ್ಕಾಸು ಬಾಗಿ ಅದರ ಮೇಲಿನ ಸಾಲು ಹಂಚು ಒಟ್ಟಿಗೆ ಕೆಳಗೆ. ಆಮೇಲೆ ನೀರು ಮುರಕಲ್ಲಿನ ಗೋಡೆಯ ತಲೆಗೆ ಇಳಿಯುತ್ತದೆ. ಮಣ್ಣಿನ ಗಾರೆಯ ಗೋಡೆಯಾದರೆ ಹೆಚ್ಚು ವರ್ಷ ತಾಳುವುದಿಲ್ಲ. ಶುರುವಾದದ್ದು ಒಂದು ಹಂಚಿನಿಂದ.

ಟೆರೇಸು ಮನೆಯಲ್ಲಿ ಬೇರೆ ತರಹ. ತರಗೆಲೆ ಬಿದ್ದು ನೀರು ಹೋಗುವ ತೂತು ಕಟ್ಟಿಕೊಳ್ಳುತ್ತದೆ, ಮೇಲೆ ನೀರು ನಿಲ್ಲುತ್ತದೆ. ಮುಚ್ಚಳ ಸರಿದ ಟ್ಯಾಂಕಿ, ಬಲೆ ಹರಿದ ಸೆಪ್ಟಿಕ್ ಟ್ಯಾಂಕಿನ ಪೈಪು, ಅಂಗಳದಲ್ಲಿ ಬಿದ್ದ ಅಡಿಕೆ ಹಾಳೆ, ಎಲ್ಲದರಲ್ಲೂ ಸೊಳ್ಳೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ನಿಂತ ಸ್ವಚ್ಛ ನೀರಿನಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅದು ಬಹಳ ದೂರ ಹಾರುವುದಿಲ್ಲ. ಅಂದರೆ ಕಚ್ಚುವುದು ನೆರೆಮನೆಯವರನ್ನೇ.

ಪಂಚಾಯತಿಯ ಕೈಯಲ್ಲಿ ಈಗ ಇರುವುದು

ಕೇರಳದ ಪಂಚಾಯತ್ ರಾಜ್ ಕಾನೂನು, ಮುನಿಸಿಪಾಲಿಟಿ ಕಾನೂನು ಎರಡೂ 1994ರವು. ಕಾಸರಗೋಡು ಜಿಲ್ಲೆಯ 38 ಗ್ರಾಮ ಪಂಚಾಯತು, 3 ನಗರಸಭೆಗಳು ನಡೆಯುವುದು ಇವುಗಳ ಮೇಲೆ.

ಬೀಳುವ ಸ್ಥಿತಿಯಲ್ಲಿರುವ ಕಟ್ಟಡ, ಅಪಾಯದ ಮರ, ಕಟ್ಟೆ ಇಲ್ಲದ ಬಾವಿ, ಕಾಡು ಬೆಳೆದ ಹಿತ್ತಲು ಇವುಗಳ ಬಗ್ಗೆ ಮಾಲಿಕನಿಗೆ ನೋಟೀಸು ಕೊಟ್ಟು ಸರಿಪಡಿಸಲು ಹೇಳುವ ಅಧಿಕಾರ ಸೆಕ್ರೆಟರಿಗೆ ಇದೆ. ಸೊಳ್ಳೆಯ ವಿಷಯದಲ್ಲಿ 2023ರ ಕೇರಳ ಸಾರ್ವಜನಿಕ ಆರೋಗ್ಯ ಕಾನೂನು ಬಂದಿದೆ. ಅದಕ್ಕೆ ಮೊದಲು ಕಾಸರಗೋಡಿನಲ್ಲಿ ನಡೆಯುತ್ತಿದ್ದದ್ದು 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾನೂನು, ನಾವು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದ್ದು. ಹೊಸ ಕಾನೂನಿನಲ್ಲಿ ಸೊಳ್ಳೆ ಬೆಳೆಯದಂತೆ ನೋಡಿಕೊಳ್ಳುವ ಹೊಣೆ ಕಟ್ಟಡದ ಮಾಲಿಕ ಅಥವಾ ಅಲ್ಲಿ ಇರುವವರ ಮೇಲೆ.

ಪಂಚಾಯತಿಯ ಕೈಯಲ್ಲಿ ತೆರಿಗೆಯೂ ಇದೆ. ಮನೆ ಕಟ್ಟಿದಾಗ ಗ್ರಾಮ ಕಚೇರಿಯಲ್ಲಿ ಒಂದೇ ಸಲ ಕಟ್ಟುವ ಕಟ್ಟಡ ತೆರಿಗೆ ಬೇರೆ, ಅದು ರೆವಿನ್ಯೂ ಇಲಾಖೆಗೆ ಹೋಗುತ್ತದೆ. ಪಂಚಾಯತಿಗೆ ವರ್ಷ ವರ್ಷ ಕಟ್ಟುವ ಮನೆ ತೆರಿಗೆ ಬೇರೆ. ಈ ಎರಡನೆಯದಕ್ಕೆ 2023ರ ಏಪ್ರಿಲ್‌ನಿಂದ ವರ್ಷಕ್ಕೆ ನೂರಕ್ಕೆ 5ರಂತೆ ಏರಿಕೆ ಇದೆ. ಇದರಲ್ಲೊಂದು ವಿಚಿತ್ರ ಇದೆ. ಕಟ್ಟಡ ಖಾಲಿ ಇದ್ದ ಕಾಲಕ್ಕೆ ತೆರಿಗೆ ಕಡಿಮೆ ಮಾಡಿ ಎಂದು ಅರ್ಜಿ ಹಾಕುವ ಸೌಕರ್ಯ ಮೊದಲಿನಿಂದಲೂ ಇದೆ. ಅಂದರೆ ಕಾನೂನು ಹಿಂದಿನಿಂದ ಖಾಲಿ ಮನೆಯ ಮಾಲಿಕನನ್ನು ಕಂಡದ್ದು ‘ಪಾಪ, ಬಾಡಿಗೆದಾರ ಸಿಗಲಿಲ್ಲ’ ಎಂಬ ಕಣ್ಣಿನಿಂದ.

ಇನ್ನು ಇಲ್ಲದ ಅಧಿಕಾರ. ಖಾಸಗಿ ಮನೆಯ ಬೀಗ ಒಡೆದು ಬೇರೆಯವರಿಗೆ ವಾಸಕ್ಕೆ ಕೊಡಲು ಪಂಚಾಯತಿಗೆ ಆಗುವುದಿಲ್ಲ. ಕಾನೂನಿನ ಆಧಾರ ಇಲ್ಲದೆ ಯಾರ ಆಸ್ತಿಯನ್ನೂ ಕಸಿದುಕೊಳ್ಳುವಂತಿಲ್ಲ ಎಂದು ಸಂವಿಧಾನದ 300ಎ ವಿಧಿ ಹೇಳುತ್ತದೆ. ‘ಪಂಚಾಯತಿನವರು ಮನೆ ಹಿಡಿದುಕೊಳ್ಳುತ್ತಾರಂತೆ’ ಎಂದು ವಾಟ್ಸಪ್ಪಿನಲ್ಲಿ ಬಂದರೆ ಗಾಬರಿಯಾಗಬೇಡಿ.

2023ರಲ್ಲಿ ಬಂದು ಹೋದ ತೆರಿಗೆ

2023ರ ಫೆಬ್ರವರಿ 3ರ ಬಜೆಟ್ಟಿನಲ್ಲಿ ಹಣಕಾಸು ಸಚಿವ ಕೆ.ಎನ್. ಬಾಲಗೋಪಾಲ್ ಮುಚ್ಚಿದ ಮನೆಗಳಿಗೆ ಮತ್ತು ಒಬ್ಬರ ಹೆಸರಿನಲ್ಲೇ ಇರುವ ಒಂದಕ್ಕಿಂತ ಹೆಚ್ಚು ಮನೆಗಳಿಗೆ ಹೆಚ್ಚಿನ ತೆರಿಗೆ ಹಾಕುವ ಮಾತು ಎತ್ತಿದರು. ಸ್ಥಳೀಯ ಸಂಸ್ಥೆಗಳ ಆದಾಯ ಹೆಚ್ಚಿಸುವುದು ಅದರ ಉದ್ದೇಶ. ಪ್ರವಾಸಿ ಮಲಯಾಳಿಗಳಿಂದ, ಅಂದರೆ ಹೊರದೇಶದಲ್ಲಿ ದುಡಿಯುವವರಿಂದ ದೊಡ್ಡ ವಿರೋಧ ಬಂತು. ಬೆವರು ಸುರಿಸಿ ಕಟ್ಟಿದ ಮನೆ, ಮರಳಿ ಬಂದಾಗ ಇರಲಿಕ್ಕೆ ಕಟ್ಟಿದ್ದು, ಅದಕ್ಕೆ ದಂಡವೇ ಎಂಬುದು ಅವರ ಪ್ರಶ್ನೆ. ಕೆಲವೇ ದಿನಗಳಲ್ಲಿ ವಿಧಾನಸಭೆಯಲ್ಲಿ ಸಚಿವರು, ಮುಚ್ಚಿದ ಮನೆಗಳ ತೆರಿಗೆ ಈಗ ಜಾರಿ ಮಾಡುವುದಿಲ್ಲ ಎಂದರು.

ಆಗ ಚರ್ಚೆಯೆಲ್ಲ ತೆರಿಗೆಯ ಸುತ್ತಲೇ ನಿಂತಿತು. ಮನೆ ಯಾಕೆ ಮುಚ್ಚಿದೆ ಎಂದು ಕೇಳಿದವರು ಕಡಿಮೆ. ನನಗೆ ಅನಿಸುವುದು, ಆ ಪ್ರಶ್ನೆ ಮೊದಲು ಬರಬೇಕಿತ್ತು. ಪಾಲಿನ ತಕರಾರಿನ ಮನೆಗೂ ಹೂಡಿಕೆಗೆಂದು ಕಟ್ಟಿಟ್ಟ ಮನೆಗೂ ಒಂದೇ ತೆರಿಗೆ ಹಾಕಿದರೆ ಮೊದಲನೆಯದು ಬಾಕಿ ಉಳಿಯುತ್ತದೆ, ಎರಡನೆಯವರು ಕಟ್ಟಿ ಸುಮ್ಮನಾಗುತ್ತಾರೆ.

ಬೇರೆ ಕಡೆ ಏನು ಮಾಡಿದ್ದಾರೆ?

ಇಂಗ್ಲೆಂಡಿನಲ್ಲೂ ಒಂದು ಕಾಲದಲ್ಲಿ ಖಾಲಿ ಮನೆಗೆ ತೆರಿಗೆ ರಿಯಾಯಿತಿ ಇತ್ತು. ಈಗ ತಿರುವುಮುರುವು. 2024ರ ಏಪ್ರಿಲ್‌ನಿಂದ ಅಲ್ಲಿನ ಸ್ಥಳೀಯ ಆಡಳಿತ ಮನಸ್ಸು ಮಾಡಿದರೆ ಒಂದು ವರ್ಷ ಖಾಲಿ ಬಿದ್ದ ಮನೆಗೆ ಎರಡು ಪಟ್ಟು ತೆರಿಗೆ ಹಾಕಬಹುದು. ಐದು ವರ್ಷ ಕಳೆದರೆ ಮೂರು ಪಟ್ಟು, ಹತ್ತು ವರ್ಷಕ್ಕೆ ನಾಲ್ಕು ಪಟ್ಟು.

ಅಲ್ಲಿನ 2004ರ ವಸತಿ ಕಾನೂನಿನಲ್ಲಿ ಇನ್ನೂ ಬಿಗಿಯಾದ ಒಂದು ದಾರಿ ಇದೆ. ಮನೆ ದೀರ್ಘ ಕಾಲ ಖಾಲಿ ಬಿದ್ದು ಊರಿಗೆ ಕಾಟ ಆಗುತ್ತಿದ್ದರೆ ಟ್ರಿಬ್ಯುನಲ್ ಒಪ್ಪಿಗೆ ಪಡೆದು ಅದರ ನಿರ್ವಹಣೆಯನ್ನು ಸ್ಥಳೀಯ ಆಡಳಿತವೇ ವಹಿಸಿಕೊಳ್ಳಬಹುದು. ರಿಪೇರಿ ಮಾಡಿ ಬಾಡಿಗೆಗೆ ಕೊಡುತ್ತಾರೆ, ಬಂದ ಬಾಡಿಗೆಯಿಂದ ಖರ್ಚು ಮುರಿದುಕೊಳ್ಳುತ್ತಾರೆ. ಒಡೆತನ ಮಾತ್ರ ಮಾಲಿಕನದ್ದೇ. ಕೇಳಲು ಜೋರಾಗಿದ್ದರೂ ಇದನ್ನು ಬಳಸಿದ್ದು ತೀರಾ ಕಡಿಮೆ. ಹೆಚ್ಚು ಕೆಲಸ ಮಾಡಿದ್ದು ಸಾದಾ ಕ್ರಮಗಳು. ಅನೇಕ ಕಡೆ ಈ ಕೆಲಸಕ್ಕೇ ಒಬ್ಬ ಅಧಿಕಾರಿ ಇರುತ್ತಾರೆ. ಮಾಲಿಕ ಯಾರು ಎಂದು ಪತ್ತೆ ಹಚ್ಚಿ, ಪತ್ರ ಬರೆದು, ಫೋನು ಮಾಡಿ, ಏನು ತೊಂದರೆ ಎಂದು ಕೇಳುತ್ತಾರೆ. ರಿಪೇರಿಗೆ ಸಾಲ ಕೊಡಿಸುತ್ತಾರೆ. ಕೆಲವು ಕಡೆ ಸ್ಥಳೀಯ ಆಡಳಿತವೇ ಮನೆಯನ್ನು ಮಾಲಿಕನಿಂದ ಬಾಡಿಗೆಗೆ ತೆಗೆದುಕೊಂಡು ಸೂರಿಲ್ಲದವರಿಗೆ ಕೊಡುತ್ತದೆ. ಮಾಲಿಕನಿಗೆ ತಿಂಗಳು ತಿಂಗಳು ಹಣ ಖಾತ್ರಿ, ಬಿಡಿಸಿಕೊಡುವ ಹೊಣೆಯೂ ಆಡಳಿತದ್ದೇ.

ಜಪಾನಿನ ಹಳ್ಳಿಗಳದ್ದು ನಮ್ಮ ತೋಟದ ಮನೆಗಳಿಗೆ ಹತ್ತಿರದ ಕತೆ. ಹಿರಿಯರು ಹೋದರು, ಮಕ್ಕಳು ಪಟ್ಟಣದಲ್ಲಿ. 2023ರ ಸಮೀಕ್ಷೆಯಲ್ಲಿ ಅಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ. ಅಲ್ಲಿನ ಊರಾಡಳಿತಗಳು ‘ಅಕಿಯಾ ಬ್ಯಾಂಕ್’ ಎಂಬ ಖಾಲಿ ಮನೆಗಳ ಪಟ್ಟಿ ಇಟ್ಟುಕೊಳ್ಳುತ್ತವೆ. ಕೊಡುವ ಮನಸ್ಸಿರುವ ಮಾಲಿಕರು ಮನೆಯ ವಿವರ ಕೊಡುತ್ತಾರೆ, ಬೇಕಾದವರು ಅಲ್ಲಿ ಹುಡುಕುತ್ತಾರೆ. ವಾಸದ ಮನೆ ಇರುವ ಜಾಗಕ್ಕೆ ಇದ್ದ ತೆರಿಗೆ ರಿಯಾಯಿತಿಯನ್ನು ಪಾಳು ಬಿಟ್ಟವರಿಂದ ಹಿಂದಕ್ಕೆ ಪಡೆಯಲು 2015ರಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ ದಾರಿ ಇದೆ.

ವಯನಾಡು ತೋರಿಸಿದ್ದು

ದೂರದ ಉದಾಹರಣೆ ಬಿಡಿ. 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದು ನೂರಾರು ಕುಟುಂಬಗಳು ಮನೆ ಕಳೆದುಕೊಂಡವು. ಶಿಬಿರಗಳಲ್ಲಿ ಇದ್ದವರನ್ನು ಕೆಲವೇ ವಾರಗಳಲ್ಲಿ ಬಾಡಿಗೆ ಮನೆ, ಕ್ವಾರ್ಟರ್ಸುಗಳಿಗೆ ಸ್ಥಳಾಂತರಿಸಲಾಯಿತು. ಬಾಡಿಗೆಗೆ ಎಂದು ಸರ್ಕಾರ ತಿಂಗಳಿಗೆ 6,000 ರೂಪಾಯಿ ಗೊತ್ತುಮಾಡಿತು. ಖಾಲಿ ಇದ್ದ ಮನೆಗಳನ್ನು ಹುಡುಕುವ ಕೆಲಸ ಅಲ್ಲೇ, ಆಗಿಂದಾಗ್ಗೆ ನಡೆಯಿತು.

ದುರಂತದ ಹೊತ್ತಿನಲ್ಲಿ ಜನರ ಮನಸ್ಸು ಕರಗಿದ್ದು ಒಂದು ಕಾರಣ ಇರಬಹುದು. ಆದರೆ ಬಾಡಿಗೆಯ ಹಿಂದೆ ಸರ್ಕಾರ ನಿಂತಿದೆ ಎಂಬ ಧೈರ್ಯವೂ ಸಣ್ಣದಲ್ಲ. ಪಂಚಾಯತುಗಳಿಗೂ ಇದು ಹೊಸತಲ್ಲ. ಸ್ವಂತ ಕಟ್ಟಡ ಇಲ್ಲದ ಅಂಗನವಾಡಿಗಳು ಬಾಡಿಗೆ ಮನೆಗಳಲ್ಲೇ ನಡೆಯುತ್ತವೆ, ಅಲ್ವಾ? ಕೇರಳ ಸರ್ಕಾರದ ‘ಲೈಫ್’ ವಸತಿ ಯೋಜನೆಯಲ್ಲಿ ಒಂದು ಮನೆ ಕಟ್ಟಲು 4 ಲಕ್ಷ ರೂಪಾಯಿ ನೆರವು ಸಿಗುತ್ತದೆ. ಪಟ್ಟಿಯಲ್ಲಿ ಹೆಸರಿದ್ದು ಸರದಿಗೆ ಕಾಯುವ ಕುಟುಂಬಕ್ಕೆ ಆ ತನಕ ಇರಲು ಊರಿನ ಒಂದು ಮುಚ್ಚಿದ ಮನೆ ಸಿಕ್ಕಿದರೆ ಅದೇ ದೊಡ್ಡದು. ಭೂಮಿ ಇಲ್ಲದವರಿಗೆ ಜಾಗ ಕೊಡಿ ಎಂದು ‘ಮನಸ್ಸೋಡಿತ್ತಿರಿ ಮಣ್ಣ್’ ಅಭಿಯಾನ ನಡೆದಾಗ ಕೈ ಎತ್ತಿ ಕೊಟ್ಟವರಿದ್ದಾರೆ. ಜಾಗವನ್ನೇ ಕೊಟ್ಟ ಜನ, ನಂಬಿಕೆ ಬಂದರೆ ಮನೆಯನ್ನು ಬಾಡಿಗೆಗೆ ಕೊಡಲಾರರೇ?

ನಮ್ಮ ಪಂಚಾಯತಿನಿಂದ ಏನು ಕೇಳಬಹುದು?

ಮೊದಲು ಕೇಳಬೇಕಾದದ್ದು ಪಟ್ಟಿ. ಇದಕ್ಕೆ ಹೊಸ ಸಮೀಕ್ಷೆಯೇ ಬೇಕಿಲ್ಲ. ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಸಂಗ್ರಹಕ್ಕೆ ಮನೆ ಮನೆಗೆ ಹೋಗುವ ಹರಿತ ಕರ್ಮ ಸೇನೆಯ ಅಕ್ಕಂದಿರಿಗೆ ಯಾವ ಗೇಟು ಎಷ್ಟು ತಿಂಗಳಿನಿಂದ ತೆರೆದಿಲ್ಲ ಎಂದು ಬಾಯಿಪಾಠ. ಆಶಾ ಕಾರ್ಯಕರ್ತೆಯರಿಗೂ ಗೊತ್ತು. ಪಂಚಾಯತಿಯ ತೆರಿಗೆ ದಾಖಲೆಯಲ್ಲಿ ಮನೆ ನಂಬ್ರ, ಮಾಲಿಕರ ಹೆಸರು ಇರುತ್ತದೆ. 2025ರಿಂದ ಗ್ರಾಮ ಪಂಚಾಯತುಗಳಲ್ಲೂ ಸ್ಥಳೀಯ ಸಂಸ್ಥೆಗಳ ಕಂಪ್ಯೂಟರ್ ವ್ಯವಸ್ಥೆಯಾದ ಕೆ-ಸ್ಮಾರ್ಟ್ ಬಂದಿರುವುದರಿಂದ ಈ ದಾಖಲೆ ಆನ್‌ಲೈನಿನಲ್ಲೇ ಇದೆ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ವಾರ್ಡಿನ ಪಟ್ಟಿ ತಯಾರು.

ಆ ಪಟ್ಟಿಯನ್ನು ನೋಟೀಸು ಬೋರ್ಡಿಗೆ ಹಾಕಬಾರದು. ಯಾವ ಮನೆಗೆ ಬೀಗ ಇದೆ ಎಂದು ಕಳ್ಳರಿಗೆ ನಾವೇ ಹೇಳಿಕೊಟ್ಟ ಹಾಗಾಗುತ್ತದೆ. ಇಂಗ್ಲೆಂಡಿನಲ್ಲೂ ಖಾಲಿ ಮನೆಗಳ ವಿಳಾಸ ಬಹಿರಂಗ ಮಾಡಬೇಕೇ ಎಂಬ ಪ್ರಶ್ನೆ ಟ್ರಿಬ್ಯುನಲ್ ವರೆಗೂ ಹೋಗಿತ್ತು. ವಾರ್ಡಿಗೆ ಎಷ್ಟು ಎಂಬ ಸಂಖ್ಯೆ ಮಾತ್ರ ಹೊರಗೆ ಬಂದರೆ ಸಾಕು.

ಕೇಳುವ ಜಾಗ ಗ್ರಾಮಸಭೆ. ವಾರ್ಡಿನ ಮತದಾರರೆಲ್ಲ ಅದರ ಸದಸ್ಯರು, ವಾರ್ಡ್ ಮೆಂಬರ್ ಅದರ ಸಂಚಾಲಕರು. ಮೂರು ತಿಂಗಳಿಗೊಮ್ಮೆಯಾದರೂ ಕರೆಯಬೇಕು, ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಇದ್ದರೆ ಕೋರಂ. ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ವಿಷಯ ಬರೆದು ಸಹಿ ಹಾಕಿ ಕೇಳಿದರೆ ವಿಶೇಷ ಗ್ರಾಮಸಭೆಯನ್ನೂ ಕರೆಯಬೇಕಾಗುತ್ತದೆ. ಅರ್ಜಿ ಕನ್ನಡದಲ್ಲೇ ಬರೆಯಿರಿ. ಕಾಸರಗೋಡಿನ ಕನ್ನಡಿಗರು ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಲು ಕಾನೂನಿನಲ್ಲೇ ಅವಕಾಶ ಇದೆ.

ಅರ್ಜಿ ಉದ್ದ ಬೇಡ. ಹೀಗೆ ಬರೆದರೂ ಆಯಿತು:

‘ನಮ್ಮ ವಾರ್ಡಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಮುಚ್ಚಿರುವ ಮನೆಗಳ ಲೆಕ್ಕ ತೆಗೆಯಬೇಕು. ಅವುಗಳ ಮಾಲಿಕರಿಗೆ ಪಂಚಾಯತಿನಿಂದ ಪತ್ರ ಬರೆದು, ಬಾಡಿಗೆಗೆ ಕೊಡಲು ಮನಸ್ಸಿದೆಯೇ, ಇಲ್ಲದಿದ್ದರೆ ಅಡ್ಡಿ ಏನು ಎಂದು ಕೇಳಬೇಕು. ಒಪ್ಪಿದವರ ಮನೆಗಳಿಗೆ ಬಾಡಿಗೆದಾರರನ್ನು ಹೊಂದಿಸಲು ಪಂಚಾಯತಿನಲ್ಲಿ ಒಬ್ಬ ನೌಕರರಿಗೆ ಹೊಣೆ ಕೊಡಬೇಕು. ಬಾಡಿಗೆ ಕರಾರಿನ ಒಂದು ಮಾದರಿಯನ್ನು ಕನ್ನಡ, ಮಲಯಾಳ ಎರಡರಲ್ಲೂ ತಯಾರಿಸಿ ಕೊಡಬೇಕು. ಈ ವಿಷಯವನ್ನು ಮುಂದಿನ ಆಡಳಿತ ಸಮಿತಿ ಸಭೆಯಲ್ಲಿ ಇಟ್ಟು ತೀರ್ಮಾನ ತಿಳಿಸಬೇಕು.’

ಇದರಲ್ಲಿ ಒಂದಕ್ಕೂ ಹೊಸ ಕಾನೂನು ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ. ಪಂಚಾಯತಿಯದ್ದೇ ಕಟ್ಟಡ, ಕ್ವಾರ್ಟರ್ಸು ಎಲ್ಲಾದರೂ ಖಾಲಿ ಬಿದ್ದಿದ್ದರೆ ಅದನ್ನೂ ಅರ್ಜಿಯಲ್ಲಿ ಸೇರಿಸಿ. ಅದಕ್ಕೆ ಬೇರೆ ಯಾರ ಒಪ್ಪಿಗೆಯೂ ಬೇಡ. ತನ್ನ ಬೀಗ ತೆರೆಯದ ಪಂಚಾಯತು ಬೇರೆಯವರ ಬೀಗದ ಬಗ್ಗೆ ಮಾತಾಡುವುದು ಕಷ್ಟ.

ನಿಮ್ಮ ಪಕ್ಕದಲ್ಲೇ ಬೀಳುವ ಹಾಗಿರುವ ಮನೆ ಇದ್ದರೆ ದಾರಿ ಬೇರೆ. ಗ್ರಾಮಸಭೆಗೆ ಕಾಯಬೇಡಿ. ಫೋಟೋ, ಗೊತ್ತಿದ್ದರೆ ಮನೆ ನಂಬ್ರ ಅಥವಾ ಸರ್ವೆ ನಂಬ್ರ ಸೇರಿಸಿ ಸೆಕ್ರೆಟರಿಗೆ ದೂರು ಕೊಡಿ, ಸ್ವೀಕೃತಿ ರಶೀದಿ ಇಟ್ಟುಕೊಳ್ಳಿ. ಸೊಳ್ಳೆ ಇದ್ದರೆ ಹೆಲ್ತ್ ಇನ್‌ಸ್ಪೆಕ್ಟರಿಗೆ ಒಂದು ಪ್ರತಿ.

ನೀವೇ ಮಾಲಿಕರಾಗಿದ್ದರೆ

ಹೊರದೇಶದಲ್ಲಿದ್ದರೆ ಊರಿನಲ್ಲಿ ನಂಬಿಕೆಯ ಒಬ್ಬರಿಗೆ ಮುಕ್ತಿಯಾರು (ಪವರ್ ಆಫ್ ಅಟಾರ್ನಿ) ಬರೆದುಕೊಡಬಹುದು. ಮಾರುವ ಅಧಿಕಾರ ಅದರಲ್ಲಿ ಬೇಡ. ಬಾಡಿಗೆ, ರಿಪೇರಿ, ನೋಟೀಸಿಗೆ ಉತ್ತರ, ಕೋರ್ಟು ಇಷ್ಟಕ್ಕೆ ಎಂದು ಮಿತಿ ಹಾಕಿ. ಭಾರತದ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಮುಕ್ತಿಯಾರು ಊರಿಗೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಅದಕ್ಕೆ ಸ್ಟಾಂಪು ಮಾಡಿಸಬೇಕು. ಎನ್‌ಆರ್‌ಐ ಮಾಲಿಕರಿಗೆ ಬಾಡಿಗೆ ಕೊಡುವವರು ಆದಾಯ ತೆರಿಗೆ ಹಿಡಿದುಕೊಂಡು ಕಟ್ಟಬೇಕೆಂಬ ನಿಯಮವೂ ಇದೆ. ಕರಾರು ಬರೆಯುವಾಗಲೇ ಇದನ್ನು ಮಾತಾಡಿಕೊಂಡರೆ ಒಳ್ಳೆಯದು.

ಪಾಲುದಾರರು ಹಲವರಿದ್ದರೆ ಭಾಗಪತ್ರ ಆಗುವವರೆಗೂ ಕಾಯಬೇಕೆಂದಿಲ್ಲ. ಎಲ್ಲರೂ ಸಹಿ ಹಾಕಿ, ಬಾಡಿಗೆ ಹಣ ಒಂದು ಜಂಟಿ ಖಾತೆಗೆ ಬರಲಿ, ಮೊದಲ ಖರ್ಚು ಮಾಡಿನ ರಿಪೇರಿಗೆ ಎಂದು ಬರೆದುಕೊಂಡರೆ ಮನೆಯೂ ಉಳಿಯುತ್ತದೆ, ಯಾರ ಪಾಲೂ ಕಡಿಮೆಯಾಗುವುದಿಲ್ಲ. ದೈವದ ಕೋಣೆ ಇರುವ ಮನೆಯಾದರೆ ಆ ಭಾಗ ಬಾಡಿಗೆಗೆ ಸೇರಿಲ್ಲ, ಪರ್ವದ ದಿನ ಕುಟುಂಬದವರಿಗೆ ಬರಹೋಗಲು ಅಡ್ಡಿ ಇಲ್ಲ ಎಂದು ಕರಾರಿನಲ್ಲೇ ಹಾಕಿಸಬಹುದು.

ಅರ್ಜಿ ಕೊಟ್ಟ ಮೇಲೆ

ಪಂಚಾಯತಿನಿಂದ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾನೂನು ಇದೆ. ಹತ್ತು ರೂಪಾಯಿ ಶುಲ್ಕದ ಅರ್ಜಿ, 30 ದಿನದೊಳಗೆ ಉತ್ತರ ಕೊಡಬೇಕು. ‘ನಮ್ಮ ಅರ್ಜಿಯ ಮೇಲೆ ಏನು ಕ್ರಮ ಆಗಿದೆ, ಯಾವ ಸಭೆಯಲ್ಲಿ ಇಟ್ಟಿರಿ, ತೀರ್ಮಾನದ ಪ್ರತಿ ಕೊಡಿ’ ಎಂದು ಕೇಳಿದರೆ ಸಾಕು. ವಾರ್ಡಿನಲ್ಲಿ ಮೂರು ವರ್ಷದಿಂದ ತೆರಿಗೆ ಬಾಕಿ ಇರುವ ಮನೆಗಳೆಷ್ಟು ಎಂಬ ಸಂಖ್ಯೆಯನ್ನೂ ಅದೇ ಅರ್ಜಿಯಲ್ಲಿ ಕೇಳಬಹುದು. ಬಾಕಿ ಇರುವುದೆಲ್ಲ ಖಾಲಿ ಮನೆ ಅಲ್ಲ. ಆದರೆ ಮುಚ್ಚಿದ ಮನೆ ಹುಡುಕಲು ಹೊರಡುವವರಿಗೆ ಅದೊಂದು ಒಳ್ಳೆಯ ಸುಳಿವು, ಮುಂದಿನ ಗ್ರಾಮಸಭೆಯಲ್ಲಿ ಮಾತು ಎತ್ತಲು ಕೈಯಲ್ಲೊಂದು ಕಾಗದ.